ಕೆಂಡದ ಮೇಲೆ ಹಾಲು, ಪಡಸಾಲೆಯಲ್ಲಿ ಬೀಗರು



ಮನೆಗೆ ಬೀಗರು ಬಂದ ಹೊತ್ತನ್ನು ಒಮ್ಮೆ ನೆನೆಯಿರಿ. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟೆವು. ಪಡಸಾಲೆಯಲ್ಲಿ ಜಮಖಾನೆ ಹಾಸಿದೆವು. ಒಂದು ತುಣುಕು ಬೆಲ್ಲ, ಒಂದು ತಂಬಿಗೆ ನೀರು ಮುಂದಿಟ್ಟೆವು. ಇಲ್ಲಿಯ ತನಕ ಎಲ್ಲರೂ ಒಂದೇ ಕಡೆ ಇದ್ದೇವೆ. ಆಮೇಲೆ ಮನೆಯ ಹೆಣ್ಣುಮಗಳು ಎದ್ದು ಒಳಗೆ ಹೋಗುತ್ತಾಳೆ. ಒಲೆ ಹೊತ್ತುತ್ತದೆ. ಎಣ್ಣೆ ಕಾಯುತ್ತದೆ. ಒಂದು ಬಾಣಲೆ ಮಿರ್ಚಿ ಇಳಿಯಿತು, ಇನ್ನೊಂದು ಬಾಣಲೆ ಬಿತ್ತು. ಪಡಸಾಲೆಯಿಂದ ನಗು ಕೇಳಿಬರುತ್ತದೆ. ಯಾವ ಮಾತಿಗೆ ನಕ್ಕರು ಎಂಬುದು ಅವಳಿಗೆ ಗೊತ್ತಾಗುವುದಿಲ್ಲ.

ನಮ್ಮವ್ವನ ಬಾಳೆಲ್ಲ ಹೀಗೇ ಹೋಯಿತು. ಬೀಗರು ಬಸ್ಸು ಹತ್ತಿ ಹೋದ ಮೇಲೆ ಭಾಂಡೆ ತಿಕ್ಕುತ್ತ ಅವಳು ನನ್ನನ್ನು ಕರೆಯುತ್ತಿದ್ದಳು. “ಬಾ ಇಲ್ಲೆ. ಏನೇನ ಮಾತಾಡಿದ್ರು, ಒಂದೊಂದ ಹೇಳ.” ನಾನು ಹೇಳುತ್ತಿದ್ದೆ. ಸೋದರಮಾವನ ಹೊಲದ ತಕರಾರು. ಚಿಕ್ಕವ್ವನ ಮಗಳಿಗೆ ನೋಡಿದ ವರ. ತೀರಿಹೋದ ಅಜ್ಜನ ಒಂದು ಮಾತು. ಅವಳ ತವರಿನ ಸುದ್ದಿ ಅವಳ ಮನೆಯ ಪಡಸಾಲೆಯಲ್ಲೇ ಬಿಚ್ಚಿಕೊಂಡಿತ್ತು. ಅದನ್ನು ಅವಳು ಎಂಟು ವರ್ಷದ ಮಗಳ ಬಾಯಿಂದ ಕೇಳಬೇಕಾಯಿತು. ಆ ಕೂಗು ಇಂದಿಗೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಇಂದು ನಿಮ್ಮ ಮುಂದೆ ಒಂದು ತಿನಿಸು ಇಡುತ್ತೇನೆ. ಒಡೆದ ಹಾಲಿನ ಮುದ್ದೆ, ಅದರ ಮೇಲೆ ಹಣ್ಣು. ಎರಡನ್ನೂ ಮುಚ್ಚಿಟ್ಟು ಕಾವಿನಲ್ಲಿ ಬೇಯಿಸುವುದು. ಮುಖ್ಯ ಮಾತು ಏನೆಂದರೆ, ಅದು ಬೇಯುವಾಗ ನೀವು ಅದರ ಹತ್ತಿರ ನಿಲ್ಲಬೇಕಾಗಿಲ್ಲ.

ಇದು ನನಗೆ ಹೊಳೆದದ್ದು ನನ್ನ ತಂಗಿಯ ಮಗಳಿಂದ. ಅವಳು ಲಂಡನ್ನಿನಲ್ಲಿ ಇದ್ದಾಳೆ. ಒಂದು ವರ್ಷ ಮಡಿವಾಳೇಶ್ವರ ಜಾತ್ರೆಗೆಂದು ಊರಿಗೆ ಬಂದಿದ್ದಳು. ಜಾತ್ರೆ ಎಂದರೆ ಧಾರವಾಡ ಸೀಮೆಯ ನಮ್ಮೂರು ಗರಗದಲ್ಲಿ ಯಾವ ಮನೆಯ ಒಲೆಯೂ ಆರುವುದಿಲ್ಲ. ನಾನು ಎಣ್ಣೆಯ ಮುಂದೆ ನಿಂತಿದ್ದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಹೇಳಿದಳು. “ದೊಡ್ಡವ್ವ, ಅಲ್ಲಿ ಮಂದಿ ಬಂದ್ರ ನಾವು ಎಣ್ಣಿ ಇಡೂದ ಇಲ್ಲ. ಒಂದ ಚೀಸ್ ಗಾಲಿ ತಂದು, ಮ್ಯಾಲ ಹಣ್ಣಿನ ಪಾಕ ಸುರುವಿ, ಓವನ್‌ನ್ಯಾಗ ಇಟ್ಟು ಬಂದು ಕೂಡತೇವಿ. ಇಪ್ಪತ್ತ ಮಿನಿಟಿಗೆ ತಾನ ಆಗತೈತಿ.”

ನಾನು ಕೇಳಿದೆ. “ಗಿಣ್ಣದ ಗತೆ ಇರತೈತೇನ?”

ಅವಳು ತಡೆದು ತಡೆದು ಅಂದಳು. “ಹೌದ ನೋಡ್ರಿ. ಗಿಣ್ಣದ ದೂರದ ಬಳಗ ಅಂದಂಗ.”

ಅವಳು ಹೇಳಿದ ಚೀಸಿನ ಹೆಸರು ಬ್ರೀ. ಫ್ರಾನ್ಸ್ ದೇಶದ್ದು, ಪ್ಯಾರಿಸ್ಸಿನ ಪೂರ್ವಕ್ಕಿರುವ ಒಂದು ಸೀಮೆಯ ಹೆಸರೇ ಅದಕ್ಕೆ ಬಂದಿದೆ. ದುಂಡಗಿನ ಬಿಲ್ಲೆಯಂತೆ ಇರುತ್ತದೆ. ಮೈಮೇಲೆ ಬಿಳಿ ಬೂಷ್ಟಿನ ತೆಳು ಸಿಪ್ಪೆ. ಅದು ತಿನ್ನಲು ಬರುವ ಬೂಷ್ಟು. ಕಾವು ತಗುಲಿದರೆ ಸಿಪ್ಪೆ ಹಾಗೇ ಉಳಿದು ಒಳಗಿನದೆಲ್ಲ ಕರಗಿ ಗಟ್ಟಿ ಕೆನೆಯಂತಾಗುತ್ತದೆ. ಮೇಲೆ ಹುಳಿ ಸಿಹಿ ಹಣ್ಣು. ಎಲ್ಲರೂ ಸುತ್ತ ಕೂತು ರೊಟ್ಟಿಯ ಚೂರು ಅದ್ದಿ ತಿನ್ನುತ್ತಾರೆ.

ಬ್ರೀ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕರೂ ಬೆಲೆ ಹೆಚ್ಚು. ಆದರೆ ನನ್ನ ಬಾಯಿಂದ ಗಿಣ್ಣದ ಹೆಸರು ಸುಮ್ಮನೆ ಬಂದಿರಲಿಲ್ಲ. ಶಾಲೆಯ ಪುಸ್ತಕ ತೆಗೆದು ನೋಡಿ. ಚೀಸ್ ಎಂಬುದಕ್ಕೆ ಕನ್ನಡದಲ್ಲಿ ಗಿಣ್ಣು ಎಂದೇ ಬರೆದಿರುತ್ತಾರೆ. ಎರಡೂ ಒಂದೇ ಅಲ್ಲ. ಆದರೂ ಆ ಹೆಸರು ಇಟ್ಟವರ ಮನಸ್ಸು ನನಗೆ ಅರ್ಥವಾಗುತ್ತದೆ. ಹಾಲು ಗಟ್ಟಿಯಾಗಿ ನಿಲ್ಲುವುದನ್ನು ಅವರು ಮೊದಲು ನೋಡಿದ್ದು ಕರು ಹಾಕಿದ ಎಮ್ಮೆಯ ಮೊದಲ ಹಾಲು ಕಾಸಿದಾಗ.

ನಮ್ಮಮ್ಮ, ಅಂದರೆ ಅಪ್ಪನ ತಾಯಿ, ಗಿಣ್ಣ ಮಾಡುತ್ತಿದ್ದ ಬಗೆ ಹೇಳುತ್ತೇನೆ. ಎಮ್ಮೆ ಈದ ಮೇಲೆ ಮೊದಲು ಕರು ಹೊಟ್ಟೆತುಂಬ ಕುಡಿಯಬೇಕು. ಆ ಹಾಲು ಕರುವಿನ ಪ್ರಾಣ. ಉಳಿದದ್ದು ಮನೆಗೆ. ಹಳದಿ ಬಣ್ಣ, ಕೈಗೆ ಅಂಟಂಟು. ಅದಕ್ಕೆ ಸ್ವಲ್ಪ ಸಾದಾ ಹಾಲು ಬೆರೆಸುತ್ತಿದ್ದಳು. ಕುಟ್ಟಿದ ಬೆಲ್ಲ, ಯಾಲಕ್ಕಿ, ಒಂದು ಚಿಟಿಕೆ ಉಪ್ಪು. ದಪ್ಪ ತಳದ ಬೋಗುಣಿಗೆ ಸುರಿದು ಕೆಂಡದ ಮೇಲೆ ಇಡುತ್ತಿದ್ದಳು. ಬೋಗುಣಿಗೆ ಹಿತ್ತಾಳೆ ತಾಟು ಮುಚ್ಚುತ್ತಿದ್ದಳು. ಆಮೇಲೆ ಇಕ್ಕಳದಿಂದ ನಾಲ್ಕಾರು ಕೆಂಡ ಎತ್ತಿ ಆ ತಾಟಿನ ಮೇಲೂ ಹರಡುತ್ತಿದ್ದಳು. ಕೆಳಗೂ ಕೆಂಡ, ಮೇಲೂ ಕೆಂಡ. ನಡುವೆ ಹಾಲು. ಅಮ್ಮ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದಳು. ಬೆಲ್ಲ ಕಂದಿದ ವಾಸನೆ ಬಂದಾಗಲೇ ಅವಳು ಏಳುತ್ತಿದ್ದದ್ದು. ಓವನ್ ಅಂದರೆ ಇದೇ, ಕೇಳುಗರೇ. ಮೇಲಿಂದಲೂ ಕೆಳಗಿಂದಲೂ ಸಮನಾದ ಕಾವು.

ಇಲ್ಲಿಯ ತನಕ ಎರಡು ಮಾತು ಹೇಳಿದೆ. ಕರಿದ ತಿನಿಸು ಮನೆಯವಳನ್ನು ಒಲೆಗೆ ಕಟ್ಟಿಹಾಕುತ್ತದೆ. ಮುಚ್ಚಿಟ್ಟು ಬೇಯಿಸಿದ್ದು ಅವಳನ್ನು ಬಿಟ್ಟುಕೊಡುತ್ತದೆ. ಈಗ ಹಾಲಿನ ಮಾತಿಗೆ ಬರೋಣ.

ಗಿಣ್ಣದ ಹಾಲು ಬೇಕೆಂದಾಗ ಸಿಗುವುದಿಲ್ಲ. ಹಾಗಾಗಿ ನಾವು ಸಾದಾ ಹಾಲನ್ನೇ ಒಡೆಯಬೇಕು. ಇಲ್ಲಿ ಹಲವರು ತಡೆಯುತ್ತಾರೆ. ಹಾಲು ಒಡೆದರೆ ನಮ್ಮಲ್ಲಿ ಮನಸ್ಸಿಗೆ ಪಿಚ್ಚೆನಿಸುತ್ತದೆ. ಬೇಕೆಂದೇ ಒಡೆಯುವುದೆಂದರೆ ಹಿರಿಯರಿಗೆ ಇನ್ನೂ ಕಷ್ಟ. ಧಾರವಾಡದ ಪೇಢೆ, ಬೆಳಗಾವಿಯ ಕುಂದಾ, ನಮ್ಮ ಸೀಮೆಯ ಹೆಸರಾದ ಹಾಲಿನ ಸಿಹಿಗಳೆಲ್ಲ ಹಾಲನ್ನು ಕುದಿಸಿ ಇಂಗಿಸಿದವು. ಪೇಢೆ ತಂದವರು ಉತ್ತರದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು. ಅವರೂ ಹಾಲನ್ನು ಹುರಿದು ಹುರಿದು ಕಂದಿಸಿದರೇ ಹೊರತು ಒಡೆಯಲಿಲ್ಲ.

ಆದರೆ ಹಾಲು ಒಡೆಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆಸಿದ. ಅದು 1130ರ ಸುಮಾರಿನದು. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆ ಗ್ರಂಥದಲ್ಲಿ ಕ್ಷೀರಪ್ರಕಾರ ಎಂಬ ತಿನಿಸು ಇದೆ. ಕಾಸಿದ ಹಾಲಿಗೆ ಹುಳಿ ಬೆರೆಸಿ ಒಡೆಯಬೇಕು. ಅರಿವೆಯಲ್ಲಿ ಸೋಸಬೇಕು. ಗಟ್ಟಿಗೆ ಅಕ್ಕಿಹಿಟ್ಟು ಕೂಡಿಸಿ ನಾದಬೇಕು. ಉಂಡೆ ಕಟ್ಟಿ ತುಪ್ಪದಲ್ಲಿ ಕರಿದು ಸಕ್ಕರೆ ಪಾಕಕ್ಕೆ ಹಾಕಬೇಕು. ಸುಮಾರು 900 ವರ್ಷದ ಹಿಂದಿನ ಮಾತು ಇದು.  ಯಾರಾದರೂ ಅತ್ತೆಯವರು ಹಾಲು ಒಡೆಯಬೇಡ ಎಂದರೆ, ಒಂದು ಕಾಲಕ್ಕೆ ನಮ್ಮ ಅರಮನೆಯಲ್ಲೇ ಒಡೆಯುತ್ತಿದ್ದರು ಎಂದು ಸಮಾಧಾನದಿಂದ ಹೇಳಿ. ಆ ಅಕ್ಕಿಹಿಟ್ಟನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ನಮಗೂ ಅದು ಬೇಕು.

ಹಾಲು ಯಾವುದು? ನನ್ನ ಮಟ್ಟಿಗೆ ಎಮ್ಮೆಯದೇ. ಎಮ್ಮೆಯ ಹಾಲಿನಲ್ಲಿ ಕೊಬ್ಬು ನೂರಕ್ಕೆ ಏಳರ ಆಜುಬಾಜು. ಆಕಳ ಹಾಲಿನಲ್ಲಿ ಸುಮಾರು ನಾಲ್ಕು. ಎಮ್ಮೆ ಹಾಲಿನ ಮುದ್ದೆ ಹೆಚ್ಚು ಬರುತ್ತದೆ, ಬೆಂದಾಗ ಒಣಗಿ ಬಿರಿಯುವುದಿಲ್ಲ. ನಮ್ಮ ಕಡೆಯ ಎಮ್ಮೆಗೆ ಈಗ ಧಾರವಾಡಿ ಎಂಬ ತಳಿಯ ಹೆಸರು ದಾಖಲಾಗಿದೆ. 2021ರಲ್ಲಿ ದೇಶದ ತಳಿಗಳ ಪಟ್ಟಿಗೆ ಅದು ಸೇರಿತು. ಕಪ್ಪು ಮೈ. ಹಿಂದಕ್ಕೆ ಬಾಗಿ ಭುಜದ ತನಕ ಬರುವ ಅರ್ಧಚಂದ್ರದ ಕೋಡು. ಕೇಳುಗರಲ್ಲಿ ಅರ್ಧ ಮಂದಿ ಆ ಎಮ್ಮೆಯ ಕೊರಳು ತುರಿಸಿಯೇ ಬೆಳೆದವರು. ಇಟಲಿಯ ದಕ್ಷಿಣದಲ್ಲಿ ಮೊಝರೆಲ್ಲಾ ಎಂಬ ಹೆಸರಾಂತ ಚೀಸನ್ನು ಎಮ್ಮೆ ಹಾಲಿನಲ್ಲೇ ಮಾಡುತ್ತಾರೆ. ನಮ್ಮ ಕೊಟ್ಟಿಗೆಯ ಹಾಲೇನು ಕಡಿಮೆಯದಲ್ಲ.

ಒಂದು ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿರಬಹುದು. ಅಂಗಡಿಯ ಚೀಸ್ ಕಾವಿಗೆ ಕರಗುತ್ತದೆ. ಲಿಂಬೆಹುಳಿ ಹಿಂಡಿ ಮಾಡಿದ ಪನೀರ್ ಏಕೆ ಕರಗುವುದಿಲ್ಲ? ಹಾಲಿನಲ್ಲಿ ಕೇಸಿನ್ ಎಂಬ ಪ್ರೋಟೀನ್ ಇದೆ. ಅದರ ಕಣಗಳನ್ನು ಕ್ಯಾಲ್ಸಿಯಂ ಹಿಡಿದಿಟ್ಟಿರುತ್ತದೆ. ಚೀಸ್ ಮಾಡುವವರು ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಆಗ ಆ ಕ್ಯಾಲ್ಸಿಯಂ ಬಹಳಷ್ಟು ಅಲ್ಲೇ ಉಳಿಯುತ್ತದೆ. ಬಿಸಿ ತಾಗಿದಾಗ ಕಣಗಳು ಸಡಿಲಾಗಿ ಜಾರುತ್ತವೆ. ನಾವು ಕಾದ ಹಾಲಿಗೆ ಹುಳಿ ಹಾಕಿದಾಗ ಕ್ಯಾಲ್ಸಿಯಮ್ಮಿನ ಒಂದು ಪಾಲು ನೀರಿಗೆ ಹೋಗುತ್ತದೆ. ಕಣಗಳು ಬಿಗಿದುಕೊಳ್ಳುತ್ತವೆ. ಹಾಗಾಗಿ ಪನೀರ್ ಬೇಯುತ್ತದೆ, ಕೆಂಪಾಗುತ್ತದೆ, ಹರಿಯುವುದಿಲ್ಲ. ನಮ್ಮ ತಿನಿಸು ಹರಿಯುವಂಥದ್ದಲ್ಲ. ಗಿಣ್ಣದಂತೆ ಮೆತ್ತಗೆ ನಿಲ್ಲುವಂಥದ್ದು. ಇದನ್ನು ಮೊದಲೇ ತಿಳಿದುಕೊಂಡರೆ ನಿರಾಸೆಯಾಗುವುದಿಲ್ಲ.

ಕರಗುವುದೇ ಬೇಕು ಎನ್ನುವವರು ಅಂಗಡಿಯ ಚೀಸನ್ನು ಸ್ವಲ್ಪ ತುರಿದು ಬೆರೆಸಬಹುದು. ಹಿಂದೆ ರೆನೆಟ್ಟನ್ನು ಕರುವಿನ ಹೊಟ್ಟೆಯಿಂದ ತೆಗೆಯುತ್ತಿದ್ದರು. ನಮ್ಮಂಥ ಮನೆಗಳಲ್ಲಿ ಅದಕ್ಕೆ ಹಿಂಜರಿಕೆ ಇರುವುದು ಸಹಜ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿಕೊಂಡು ತನ್ನಿ.

ಇನ್ನು ಮಾಡುವ ಬಗೆ. ಕಾಗದ ಪೆನ್ಸಿಲ್ ಇದ್ದರೆ ಹತ್ತಿರ ತೆಗೆದುಕೊಳ್ಳಿ. ಎಂಟು ಮಂದಿಗೆ ಎರಡು ಲೀಟರ್ ಎಮ್ಮೆ ಹಾಲು. ಮಧ್ಯಮ ಗಾತ್ರದ ಎರಡು ಲಿಂಬೆಹಣ್ಣು. ಇಂಡಿ ಊರಿನ ಲಿಂಬೆ ಸಿಕ್ಕರೆ ಒಳ್ಳೆಯದು, ರಸ ತುಂಬಿರುತ್ತದೆ. ಆ ಲಿಂಬೆಗೆ 2023ರಲ್ಲಿ ಭೌಗೋಳಿಕ ಮಾನ್ಯತೆಯೂ ಬಂದಿದೆ. ರಸ ಹಿಂಡಿ ಅಷ್ಟೇ ನೀರು ಬೆರೆಸಿ ಇಟ್ಟುಕೊಳ್ಳಿ.

ಹಾಲು ಉಕ್ಕು ಬರುವ ತನಕ ಕಾಯಿಸಿ. ತಳ ಹತ್ತದಂತೆ ಕೈಯಾಡಿಸಿ. ಉರಿ ಆರಿಸಿ. ಎರಡು ನಿಮಿಷ ಬಿಡಿ. ಈಗ ಲಿಂಬೆನೀರನ್ನು ಚಮಚ ಚಮಚವಾಗಿ ಹಾಕುತ್ತ ಸೌಟನ್ನು ಮೆಲ್ಲಗೆ ತಿರುವಿ. ಅವಸರ ಬೇಡ. ಮೊದಲು ಏನೂ ಆಗದಂತೆ ಇರುತ್ತದೆ. ನಾಲ್ಕೈದು ಚಮಚ ಆದ ಮೇಲೆ ಸೌಟು ಹಗುರಾಗುತ್ತದೆ. ಕೈಗೆ ತಿಳಿಯುತ್ತದೆ. ಗಟ್ಟಿ ಬೇರೆ, ನೀರು ಬೇರೆ. ನೀರು ತಿಳಿ ಹಸಿರು ಹಳದಿಯಾಗಿ ಕಂಡೊಡನೆ ಕೈ ನಿಲ್ಲಿಸಿ. ಲಿಂಬೆನೀರು ಉಳಿದರೆ ಉಳಿಯಲಿ. ಹುಳಿ ಹೆಚ್ಚಾದರೆ ಮುದ್ದೆ ರಬ್ಬರಿನಂತೆ ಆಗುತ್ತದೆ.

ಸೋಸುವುದಕ್ಕೆ ಅರಿವೆ ಬೇಕು. ಇಲ್ಲಿ ನಮ್ಮೂರಿನ ಹೆಮ್ಮೆಯ ಒಂದು ಮಾತು ಹೇಳಲೇಬೇಕು. ಗರಗ ಖಾದಿಯ ಊರು. ನಮ್ಮ ದೇಶದ ಬಾವುಟಕ್ಕೆ ಬೇಕಾದ ಖಾದಿ ಬಟ್ಟೆಯನ್ನು ನಮ್ಮೂರ ಕೈಗಳು ಹತ್ತಾರು ವರ್ಷ ನೇಯ್ದಿವೆ. ಅದನ್ನು ನೋಡಲೆಂದೇ ದೂರದ ಮಂದಿ ಬರುತ್ತಾರೆ. ಬಂದವರು ನಮ್ಮ ಮನೆಗಳಿಗೂ ಬರುತ್ತಾರೆ. ಹಾಲು ಸೋಸುವುದಕ್ಕೆ ನಾನು ಇಟ್ಟುಕೊಂಡದ್ದು ಸಾದಾ ಬಿಳಿ ಖಾದಿಯ ಒಂದು ತುಂಡು. ಕೈನೂಲಿನ ಬಟ್ಟೆಯಲ್ಲಿ ನೂಲು ಒಂದೇ ಸಮನಾಗಿರುವುದಿಲ್ಲ. ಎಳೆಗಳ ನಡುವೆ ಸಣ್ಣ ಸಣ್ಣ ಕಿಂಡಿಗಳು ಉಳಿಯುತ್ತವೆ. ನೀರು ನಿಧಾನಕ್ಕೆ ಇಳಿಯುತ್ತದೆ. ಗಟ್ಟಿ ಮಾತ್ರ ಒಂದು ಚೂರೂ ಹೊರಬೀಳುವುದಿಲ್ಲ. ಹೊಸ ಖಾದಿಯಲ್ಲಿ ಗಂಜಿ ಇರುತ್ತದೆ. ಎರಡು ಸಲ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಒಣಗಿಸಿಯೇ ಬಳಸಿ. ನನ್ನ ಅರಿವೆಗೆ ಈಗ ಆರು ವರ್ಷ. ಒಗೆದಷ್ಟೂ ಮೆತ್ತಗಾಗಿದೆ.

ಸೋಸಿದ ಮೇಲೆ ಒಂದು ತಂಬಿಗೆ ತಣ್ಣೀರು ಸುರಿಯಿರಿ. ಲಿಂಬೆಯ ವಾಸನೆ ಹೋಗುತ್ತದೆ. ಗಂಟು ಕಟ್ಟಿ ಗೂಟಕ್ಕೆ ಅರ್ಧ ತಾಸು ತೂಗುಹಾಕಿ. ಮೇಲೆ ಭಾರ ಹೇರಬೇಡಿ. ಪನೀರಿನ ಇಟ್ಟಿಗೆ ನಮಗೆ ಬೇಡ. ಬಿಚ್ಚಿದಾಗ 400 ಗ್ರಾಮಿನಷ್ಟು ಮುದ್ದೆ ಸಿಗುತ್ತದೆ. ಅದನ್ನು ತಾಟಿನಲ್ಲಿ ಹಾಕಿ ಅಂಗೈಯ ಬುಡದಿಂದ ಐದು ನಿಮಿಷ ತಿಕ್ಕಿ ನಾದಿ. ಮೊದಲು ರವೆಯಂತೆ ತರಿತರಿ. ಆಮೇಲೆ ಬೆಣ್ಣೆಯಂತೆ ನುಣುಪು. ಈಗ ಸೋಮೇಶ್ವರ ದೊರೆಯ ಅಕ್ಕಿಹಿಟ್ಟು, ಎರಡು ಚಮಚ. ನೀರು ಬಸಿದ ಗಟ್ಟಿ ಮೊಸರು ಮೂರು ಚಮಚ. ಉಪ್ಪು. ಕುಟ್ಟಿದ ಮೆಣಸು ಅರ್ಧ ಚಮಚ. ಒಂದು ಚಮಚ ತುಪ್ಪ. ಎಲ್ಲ ಕಲೆಸಿ ಮುಚ್ಚಿಡಿ. ಇಷ್ಟು ಕೆಲಸವನ್ನು ಮುಂಜಾನೆಯೇ ಮುಗಿಸಬಹುದು. ಹಾಲು ಕುದಿಸಿಯೇ ಒಡೆಯಬೇಕು ಎಂಬುದನ್ನು ಮರೆಯಬೇಡಿ. ಹಸಿ ಹಾಲಿನಿಂದ ರೋಗ ಬರುವುದುಂಟು. ಫ್ರಿಜ್ ಇಲ್ಲದ ಮನೆಯಲ್ಲಿ ಬೀಗರು ಬರುವುದಕ್ಕೆ ಎರಡು ತಾಸು ಮೊದಲು ಮಾಡಿದರೆ ಸಾಕು.

ಹಾಲಿನ ಕೆಲಸ ಆಯಿತು. ಒಡೆದೆವು, ಖಾದಿಯಲ್ಲಿ ಸೋಸಿದೆವು, ನಾದಿ ಇಟ್ಟೆವು. ಮುಂದೆ ಹಣ್ಣು. ಈ ತಿನಿಸಿನ ಜೀವ ಇರುವುದೇ ಹಣ್ಣಿನಲ್ಲಿ.

ಚಳಿಗಾಲವಾದರೆ ನನ್ನ ಆಯ್ಕೆ ಪೇರಲ. ಹುಬ್ಬಳ್ಳಿ ಧಾರವಾಡದ ನಡುವೆ ನವಲೂರು ಇದೆ. ಅಲ್ಲಿಯ ಪೇರಲ ಹಣ್ಣಿನ ಬುಟ್ಟಿ ನೋಡದೆ ಆ ರಸ್ತೆಯಲ್ಲಿ ಓಡಾಡಿದವರು ಇರಲಿಕ್ಕಿಲ್ಲ. ಪೇರಲದ ಹುಟ್ಟೂರು ಅಮೆರಿಕ ಖಂಡದ ಬಿಸಿ ನಾಡುಗಳು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡಲ ದಂಡೆಗೆ ಬಂತು. ಈಗ ಬ್ರೆಜಿಲ್ ದೇಶದವರ ಒಂದು ರೂಢಿ ಕೇಳಿ. ಅವರು ಪೇರಲ ಹಣ್ಣನ್ನು ಸಕ್ಕರೆ ಹಾಕಿ ಗಟ್ಟಿ ಬರ್ಫಿಯಂತೆ ಕಾಸುತ್ತಾರೆ. ಅದರ ಒಂದು ತುಂಡು, ಬಿಳಿ ಚೀಸಿನ ಒಂದು ತುಂಡು, ಎರಡನ್ನೂ ಜೋಡಿಸಿ ತಿನ್ನುತ್ತಾರೆ. ಆ ಜೋಡಿಗೆ ಅವರು ಇಟ್ಟ ಹೆಸರು ರೋಮಿಯೋ ಮತ್ತು ಜೂಲಿಯೆಟ್. ಇದು ತಿಳಿದ ದಿನ ನನಗೆ ತುಂಬ ಸಂತೋಷವಾಯಿತು. ಹಾಲಿನ ಮುದ್ದೆಗೆ ಪೇರಲ ಒಪ್ಪುತ್ತದೆ ಎಂದು ನನ್ನ ನಾಲಿಗೆಗೆ ಅನಿಸಿದ್ದು, ಏಳು ಸಮುದ್ರದ ಆಚೆಯ ಒಂದು ಇಡೀ ದೇಶದ ನಾಲಿಗೆಗೂ ಅನಿಸಿತ್ತು.

ಎರಡು ದೊಡ್ಡ ಹಣ್ಣು ತೆಗೆದುಕೊಳ್ಳಿ. ಪೂರ್ತಿ ಹಣ್ಣಾಗಿರಬೇಕು, ಆದರೆ ಒತ್ತಿದರೆ ಸ್ವಲ್ಪವೇ ತಗ್ಗಬೇಕು. ನಾಲ್ಕು ಭಾಗ ಮಾಡಿ. ನಡುವಿನ ಬೀಜದ ತಿರುಳನ್ನು ಚಮಚದಿಂದ ಕೆರೆದು ಬೇರೆ ಇಡಿ, ಚೆಲ್ಲಬೇಡಿ. ಅದಕ್ಕೆ ಅರ್ಧ ಬಟ್ಟಲು ನೀರು ಹಾಕಿ ಐದು ನಿಮಿಷ ಕುದಿಸಿ. ಚಹಾ ಸೋಸುವ ಜರಡಿಯಲ್ಲಿ ಹಾಕಿ ಚಮಚದಿಂದ ಉಜ್ಜಿ. ಬೀಜ ಮೇಲೆ ಉಳಿಯುತ್ತದೆ. ಕೆಳಗೆ ಇಳಿದ ರಸ ಕೈಗೆ ಜಿಗಿಜಿಗಿ ಎನ್ನುತ್ತದೆ. ಅದು ಪೆಕ್ಟಿನ್. ಹುಳಿಯೂ ಸಿಹಿಯೂ ಸೇರಿದಾಗ ಪಾಕವನ್ನು ನಡುಗುವ ಹಲ್ವದಂತೆ ನಿಲ್ಲಿಸುವುದು ಅದೇ. ಪೇರಲದಲ್ಲಿ ಅದು ಧಾರಾಳವಾಗಿದೆ.

ಹಣ್ಣಿನ ಹೋಳುಗಳನ್ನು ಬೆರಳಿನಷ್ಟು ದಪ್ಪ ಹೆಚ್ಚಿ. ಸ್ಟೀಲಿನ ಪಾತ್ರೆಯಲ್ಲಿ ಆ ರಸ, ಹೋಳು, ಒಂದು ಹಿಡಿ ಕುಟ್ಟಿದ ಬೆಲ್ಲ, ತುರಿದ ಹಸಿಶುಂಠಿ, ಅರ್ಧ ಲಿಂಬೆಯ ರಸ ಹಾಕಿ. ಹುಳಿ ಪದಾರ್ಥಕ್ಕೆ ಅಲ್ಯುಮಿನಿಯಂ ಪಾತ್ರೆ ಬೇಡ. ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಇಳಿಸುವ ಮುಂಚೆ ಎರಡು ಚಿಟಿಕೆ ಬ್ಯಾಡಗಿ ಮೆಣಸಿನಕಾಯಿ ಪುಡಿ. ಬ್ಯಾಡಗಿ ಖಾರಕ್ಕಿಂತ ಬಣ್ಣ ಹೆಚ್ಚು ಕೊಡುತ್ತದೆ. ಪಾಕ ಸಂಜೆಯ ಮುಗಿಲಿನಂತೆ ಕೆಂಪಾಗುತ್ತದೆ.

ಬೇರೆ ಕಾಲಕ್ಕೆ ಬೇರೆ ಹಣ್ಣು. ಬೇಸಿಗೆಯ ಕೊನೆಗೆ ಧಾರವಾಡದ ಆಪೂಸ್ ಮಾವು ಬರುತ್ತದೆ. ಅದನ್ನು ಬೇಯಿಸಬಾರದು. ಮುದ್ದೆ ಬೆಂದ ಮೇಲೆ ಹಸಿ ಹೋಳು ಹರಡಿದರೆ ಸಾಕು. ಕಾಡಂಚಿನ ಕವಳಿ ಹಣ್ಣು ಸಿಕ್ಕರೆ ಬೆಲ್ಲ ಎರಡರಷ್ಟು ಹಾಕಿ ಕುದಿಸಿ. ಅದರ ಹುಳಿಗೆ ಸಮ ಯಾವುದೂ ಇಲ್ಲ. ಏನೂ ಇಲ್ಲದ ದಿನ ವಿಜಯಪುರದ ಒಣದ್ರಾಕ್ಷಿ ಇದೆ. ಒಂದು ತಾಸು ನೆನೆಹಾಕಿದರೆ ಆಯಿತು.

ಒಂದು ಎಚ್ಚರಿಕೆ. ಒಮ್ಮೆ ನಾನು ಹಸಿ ಅನಾನಸ್ ಹೆಚ್ಚಿ ಮುಂಜಾನೆಯೇ ಮುದ್ದೆಯಲ್ಲಿ ಕಲೆಸಿಟ್ಟೆ. ಸಂಜೆ ನೋಡಿದರೆ ಮುದ್ದೆ ನೀರು ಬಿಟ್ಟು ಸಡಿಲಾಗಿತ್ತು. ಬಾಯಿಗೆ ಹಾಕಿದರೆ ಕಹಿ. ಬೀಗರು ಬಾಗಿಲಲ್ಲಿದ್ದರು. ಅಂದು ಅವಲಕ್ಕಿಯೇ ಮಾನ ಕಾಯಿತು. ಅನಾನಸ್ಸಿನಲ್ಲಿ ಬ್ರೋಮೆಲಿನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಕಡಿದುಹಾಕುತ್ತದೆ. ಹಸಿ ಪಪ್ಪಾಯಿಯ ಕಥೆಯೂ ಇದೇ. ಚೆನ್ನಾಗಿ ಕುದಿಸಿದರೆ ಆ ಕಿಣ್ವ ಸಾಯುತ್ತದೆ. ಆಮೇಲೆ ಭಯವಿಲ್ಲ.

ಈಗ ಕೈಯಲ್ಲಿ ಎರಡು ಪಾತ್ರೆ ಇವೆ. ಒಂದರಲ್ಲಿ ನಾದಿದ ಮುದ್ದೆ. ಇನ್ನೊಂದರಲ್ಲಿ ಹಣ್ಣಿನ ಪಾಕ. ಉಳಿದದ್ದು ಕಾವು.

ಓವನ್ ಇದ್ದವರಿಗೆ ಒಂದೇ ಮಾತು. 180 ಡಿಗ್ರಿ, ಅರ್ಧ ತಾಸು. ಇಲ್ಲದವರು ದಪ್ಪ ಕಬ್ಬಿಣದ ಕಡಾಯಿ ತೆಗೆದುಕೊಳ್ಳಿ. ತೊಳೆದು ಒಣಗಿಸಿದ ಉಸುಕನ್ನು ಎರಡು ಬೆರಳು ಎತ್ತರ ಹಾಕಿ. ಚುರುಮುರಿ ಭಟ್ಟಿಯವರು ಉಸುಕಿನಲ್ಲೇ ಹುರಿಯುತ್ತಾರಲ್ಲ, ಅದೇ ಉಪಾಯ. ಉಸುಕು ಕಾವನ್ನು ಹಿಡಿದು ಎಲ್ಲ ಕಡೆ ಸಮ ಹಂಚುತ್ತದೆ. ನಡುವೆ ಒಂದು ಸಣ್ಣ ಸಿಂಬಿ, ಲೋಹದ್ದು. ಮುಚ್ಚಿ ಹತ್ತು ನಿಮಿಷ ಕಾಯಿಸಿ. ತುಪ್ಪ ಸವರಿದ ಸ್ಟೀಲ್ ಡಬ್ಬಿಯಲ್ಲಿ ಮುದ್ದೆಯನ್ನು ಎರಡು ಬೆರಳು ದಪ್ಪ ಹರಡಿ. ನಡುವೆ ಬೆರಳಿನಿಂದ ತುಸು ತಗ್ಗು ಮಾಡಿ. ಡಬ್ಬಿಯನ್ನು ಸಿಂಬಿಯ ಮೇಲೆ ಇಡಿ. ಕಡಾಯಿ ಮುಚ್ಚಿ. ಉರಿ ಸಣ್ಣದು ಮಾಡಿ. ಕಟ್ಟಿಗೆ ಒಲೆಯಾದರೆ ಅಮ್ಮನ ಹಾಗೆ ಮುಚ್ಚಳದ ಮೇಲೂ ಕೆಂಡ ಹರಡಿ.

ಇಷ್ಟು ಮಾಡಿ ಪಡಸಾಲೆಗೆ ಬನ್ನಿ. ಕೂಡ್ರಿ. ಇಪ್ಪತ್ತು ನಿಮಿಷ ನಿಮ್ಮದು.

ಇಪ್ಪತ್ತು ನಿಮಿಷಕ್ಕೆ ಒಮ್ಮೆ ಎದ್ದು ಹೋಗಿ. ಮುದ್ದೆಯ ಅಂಚು ಡಬ್ಬಿಯನ್ನು ಬಿಟ್ಟಿರುತ್ತದೆ. ಆಗ ಹಣ್ಣಿನ ಪಾಕವನ್ನು ಆ ತಗ್ಗಿಗೆ ಸುರಿದು ಮತ್ತೆ ಮುಚ್ಚಿ. ಮೊದಲೇ ಸುರಿದರೆ ಮುದ್ದೆ ಹಸಿಯಾಗಿಯೇ ಉಳಿಯುತ್ತದೆ. ಇನ್ನು ಹತ್ತು ನಿಮಿಷ. ಮತ್ತೆ ಬಂದು ಕೂಡ್ರಿ. ಅಂಚಿನಲ್ಲಿ ಪಾಕ ಗುಳ್ಳೆಗುಳ್ಳೆಯಾಗಿ ಕುದಿಯತೊಡಗಿ, ಬೆಲ್ಲ ಕಂದಿದ ವಾಸನೆ ಪಡಸಾಲೆಗೆ ಬಂದರೆ ಆಯಿತೆಂದು ತಿಳಿಯಿರಿ. ಇಳಿಸಿ ಹತ್ತು ನಿಮಿಷ ತಣಿಯಬಿಡಿ. ಬೆಲ್ಲದ ಪಾಕ ಬಾಯಿ ಸುಡುತ್ತದೆ, ಮಕ್ಕಳಿದ್ದರೆ ಜೋಕೆ.

ಇದರ ಜೊತೆ ಏನು? ಲಂಡನ್ನಿನಲ್ಲಿ ಬಿಸ್ಕಿಟ್ಟು, ಬ್ರೆಡ್ಡು. ನಮ್ಮಲ್ಲಿ ಖಡಕ್ ರೊಟ್ಟಿ ಇದೆ. ಜೋಳದ್ದು, ಇಲ್ಲವೇ ಎಳ್ಳು ಹಚ್ಚಿದ ಸಜ್ಜೆಯದು. ಕೈಯಿಂದ ಮುರಿದರೆ ಪಟ್ ಎನ್ನಬೇಕು. ಆ ಚೂರಿನಿಂದ ಅಂಚಿನ ಮುದ್ದೆಯನ್ನೂ ನಡುವಿನ ಹಣ್ಣನ್ನೂ ಒಟ್ಟಿಗೆ ಎತ್ತಬೇಕು. ರೊಟ್ಟಿ ಗರಿ, ಹಾಲು ಮೆತ್ತಗೆ, ಪೇರಲ ಸಿಹಿ, ಕೊನೆಗೆ ಗಂಟಲಲ್ಲಿ ಸಣ್ಣ ಖಾರ. ಡಬ್ಬಿಯನ್ನು ನಡುವೆ ಇಡಿ, ತಾಟು ಹಂಚಬೇಡಿ. ಎಲ್ಲರೂ ಒಂದೇ ಡಬ್ಬಿಗೆ ಕೈ ಚಾಚಿದಾಗ ಕೂಡುವ ಅಂತರವೂ ಕಡಿಮೆಯಾಗುತ್ತದೆ.

ಮೊದಲ ಸಲ ಇದನ್ನು ಮಾಡಿದ್ದು ಅವ್ವನ ತವರಿನವರು ಬಂದಾಗ. ಅವ್ವನಿಗೆ ಆಗ ಎಂಬತ್ತು ದಾಟಿತ್ತು. ಗೋಡೆಗೆ ಒರಗಿ ಕೂತಿದ್ದಳು. ಅಭ್ಯಾಸಬಲ, ಎರಡು ಸಲ ಏಳಹೋದಳು. “ಎಣ್ಣಿ ಇಟ್ಟೇನ?” ಎಂದಳು. ನಾನು ಕೈ ಹಿಡಿದು ಕೂಡಿಸಿದೆ. “ಒಲಿ ತನ್ನ ಕೆಲಸ ತಾನ ಮಾಡಾಕತ್ತೈತಿ ಬೇ. ನೀ ಕೂಡ.” ಸೋದರಮಾವನ ಮಗ ಹಳೆಯ ಬಾವಿಯ ಮಾತು ತೆಗೆದ. ಆ ಬಾವಿಯಲ್ಲಿ ಕೊಡ ಬಿದ್ದ ಕಥೆಯನ್ನು ಅವನು ಅರ್ಧ ಹೇಳುವಷ್ಟರಲ್ಲಿ ಅವ್ವ ತಡೆದಳು. “ಹಂಗಲ್ಲೋ ಅದು” ಎಂದು ತಾನೇ ಶುರುಮಾಡಿದಳು. ಆ ಕಥೆಯನ್ನು ಅವಳ ಬಾಯಿಂದ ನಾನು ಅಲ್ಲಿಯ ತನಕ ಕೇಳಿರಲಿಲ್ಲ. ರೊಟ್ಟಿಯ ಚೂರು ಕೈಯಲ್ಲೇ ಹಿಡಿದುಕೊಂಡು ಹೇಳಿದಳು. ಆ ಸಂಜೆ ಭಾಂಡೆ ತಿಕ್ಕುವಾಗ ಅವಳು ನನ್ನನ್ನು ಏನೂ ಕೇಳಲಿಲ್ಲ.

ನನಗೆ ಕೊಟ್ಟ ಹೊತ್ತು ಮುಗಿಯುತ್ತ ಬಂತು. ಒಂದು ಮಾತು ಉಳಿದಿದೆ. ಹಾಲು ಒಡೆದಾಗ ಸೋಸಿದ ತಿಳಿನೀರು ಒಂದೂವರೆ ಲೀಟರಿನಷ್ಟು ಉಳಿಯುತ್ತದೆ. ಅದನ್ನು ಬಚ್ಚಲಿಗೆ ಸುರಿಯಬೇಡಿ. ಚಪಾತಿ ಹಿಟ್ಟು ಅದರಲ್ಲೇ ನಾದಿ, ಚಪಾತಿ ಮೆತ್ತಗಾಗುತ್ತದೆ. ಸಾರಿಗೂ ಹಾಕಬಹುದು. ಎರಡು ಬಟ್ಟಲು ಮಾತ್ರ ಬೇರೆ ತೆಗೆದು ಒಂದು ರಾತ್ರಿ ಹಾಗೇ ಬಿಡಿ. ಮುಂಜಾನೆಗೆ ಹುಳಿಯಾಗಿರುತ್ತದೆ. ಮರುದಿನ ಮತ್ತೆ ಬೀಗರು ಬಂದರೆ ಹಾಲು ಒಡೆಯಲು ಲಿಂಬೆ ಬೇಕಾಗುವುದಿಲ್ಲ.